ಆಟಗಾರನ ಕೂಲಿ, ಆಟಗಾರರ ಸಂಘ



ದುಡಿಮೆಗೆ ಸಂಬಂಧಪಟ್ಟ ವಿಷಯವೊಂದನ್ನು ಕುರಿತು ಮಾತಾಡಬೇಕೆಂಬುದು ಈ ದತ್ತಿ ಉಪನ್ಯಾಸದ ಆಶಯ. ನಾನು ಆಟಗಾರರನ್ನು ಆರಿಸಿಕೊಂಡಿದ್ದೇನೆ. ಆಟಗಾರರಿಗೂ ತಂಡದ ಒಡೆಯರಿಗೂ ಆಟವನ್ನು ಆಳುವ ಮಂಡಳಿಗಳಿಗೂ ನಡುವೆ ನಡೆದ ಜಗಳಗಳು, ನಡೆಯಬೇಕಾಗಿದ್ದೂ ನಡೆಯದೆ ಉಳಿದ ಜಗಳಗಳು ಇಂದಿನ ಮಾತಿನ ವಸ್ತು. ಆರ್‌ಪಿಸಿ ಲೇಔಟು, ಹಂಪಿನಗರ, ಅತ್ತಿಗುಪ್ಪೆಗಳ ಈ ಸುತ್ತಿನವರಿಗೆ ಕೂಲಿಯ ಜಗಳ ಹೊಸದಲ್ಲ. ಬಿನ್ನಿ ಮಿಲ್ಲಿಗೂ ಮಿನರ್ವಾ ಮಿಲ್ಲಿಗೂ ಪಾಳಿಗೆ ಹೋಗಿ ಬಂದವರ, ರಾಜಾಜಿನಗರದ ಕಾರ್ಖಾನೆಗಳಲ್ಲಿ ಲೇತಿನ ಮುಂದೆ ನಿಂತವರ ಮಕ್ಕಳು ಮೊಮ್ಮಕ್ಕಳು ಇಲ್ಲಿದ್ದೀರಿ. 1980ರ ಡಿಸೆಂಬರಿನಿಂದ 1981ರ ಮಾರ್ಚಿವರೆಗೆ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್ ನೌಕರರು 77 ದಿನ ನಡೆಸಿದ ಮುಷ್ಕರ ಹಿರಿಯರಿಗೆ ಇನ್ನೂ ನೆನಪಿದೆ. ಆ ಮನೆಗಳ ಹುಡುಗರೇ ಈಗ ಕಿಟ್ ಬ್ಯಾಗ್ ಹೆಗಲಿಗೇರಿಸಿಕೊಂಡು ಬೆಳಗಿನ ಮೆಟ್ರೊ ಹತ್ತಿ ಕೋಚಿಂಗಿಗೆ ಹೋಗುತ್ತಾರೆ. ಹುಡುಗಿಯರೂ ಹೋಗುತ್ತಾರೆ. ಅವರಲ್ಲಿ ಕೆಲವರಿಗೆ ಆಟವೇ ಹೊಟ್ಟೆಪಾಡಾಗುತ್ತದೆ. ಆ ದುಡಿಮೆಯ ಷರತ್ತುಗಳನ್ನು ಬರೆಯುವವರು ಯಾರು, ಬರೆಯುವಾಗ ದುಡಿಯುವವರನ್ನು ಕೇಳುತ್ತಾರೆಯೇ ಎಂಬುದನ್ನು ಈ ಸಂಜೆ ವಿಚಾರಿಸೋಣ.

2025ರ ಐಪಿಎಲ್‌ಗಾಗಿ ನಡೆದ ಹರಾಜಿನಲ್ಲಿ ರಿಷಭ್ ಪಂತ್ 27 ಕೋಟಿ ರೂಪಾಯಿಗೆ ಹೋದರು. ಅಂಥವರಿಗೆ ಸಂಘ ಯಾಕೆ, ಮುಷ್ಕರ ಯಾಕೆ ಎಂಬ ಪ್ರಶ್ನೆ ನಿಮ್ಮ ಮನಸ್ಸಿಗೆ ಬಂದೇ ಬರುತ್ತದೆ. ಪ್ರಶ್ನೆ ನ್ಯಾಯವಾದದ್ದು. ಆದರೆ ವೃತ್ತಿ ಆಟಗಾರರಲ್ಲಿ ಕೋಟಿಯ ಮುಖ ನೋಡುವವರು ಬೆರಳೆಣಿಕೆಯಷ್ಟು. ದೇಶದ ಮೂವತ್ತಕ್ಕೂ ಹೆಚ್ಚು ರಣಜಿ ತಂಡಗಳಲ್ಲಿ ಆಡುವವರು, ಮಹಿಳಾ ತಂಡಗಳವರು, 23ರೊಳಗಿನವರು, 19ರೊಳಗಿನವರು, ಇವರೆಲ್ಲ ದಿನಗೂಲಿಯ ಲೆಕ್ಕದಲ್ಲಿ ಆಡುತ್ತಾರೆ. ದಿನಗೂಲಿ ಎಂಬ ಮಾತನ್ನು ಬೇಕೆಂದೇ ಹೇಳುತ್ತಿದ್ದೇನೆ. ಆಡಿದ ದಿನಕ್ಕೆ ಹಣ ಉಂಟು, ಆಡದ ದಿನಕ್ಕೆ ಇಲ್ಲ. ಹನ್ನೊಂದರೊಳಗೆ ಸೇರದೆ ಹೊರಗೆ ಕುಳಿತರೆ ಅದರಲ್ಲಿ ಅರ್ಧ. ಮಂಡಿ ತಿರುಚಿಕೊಂಡು ಒಂದು ಋತು ಮನೆಯಲ್ಲಿ ಕುಳಿತ ವೇಗದ ಬೌಲರ್‌ನ ಸ್ಥಿತಿ ಏನೆಂದು ಗಿರಣಿ ಕಂಡ ಈ ಊರಿಗೆ ನಾನು ವಿವರಿಸಬೇಕಾಗಿಲ್ಲ.

ಆಟವನ್ನು ದುಡಿಮೆ ಎನ್ನಬಹುದೇ ಎಂಬ ಪ್ರಶ್ನೆಗೆ ಬೆಂಗಳೂರಿನ ಮೊಕದ್ದಮೆಯೊಂದು ದಾರಿ ತೋರಿಸುತ್ತದೆ. 1960ರ ದಶಕದಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ನೌಕರರ ತಕರಾರು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅವರು ಆಟಗಾರರಲ್ಲ, ಕ್ಲಬ್ಬಿನ ಕೆಲಸಗಾರರು. ಕ್ಲಬ್ಬು ಸದಸ್ಯರ ಸ್ವಂತ ಕೂಟ, ಅದು ಉದ್ಯಮವಲ್ಲ, ಆದ್ದರಿಂದ ಕೈಗಾರಿಕಾ ವಿವಾದ ಕಾಯ್ದೆ ಅದಕ್ಕೆ ಅನ್ವಯಿಸದು ಎಂದು 1968ರಲ್ಲಿ ತೀರ್ಪಾಯಿತು. ಹತ್ತು ವರ್ಷದ ಬಳಿಕ, 1978ರ ಫೆಬ್ರವರಿಯಲ್ಲಿ, ನಮ್ಮ ಮನೆಗಳಿಗೆ ನೀರು ಬಿಡುವ ಬೆಂಗಳೂರು ಜಲಮಂಡಳಿಯ ನೌಕರರ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಆ ತರ್ಕವನ್ನು ತಳ್ಳಿಹಾಕಿತು. ಬೆಂಗಳೂರು ಜಲಮಂಡಳಿ ಮತ್ತು ಎ. ರಾಜಪ್ಪ ಎಂದು ಹೆಸರಾದ ಮೊಕದ್ದಮೆ ಅದು. ಮುಖ್ಯ ತೀರ್ಪನ್ನು ಬರೆದವರು ವಿ.ಆರ್. ಕೃಷ್ಣ ಅಯ್ಯರ್. ಕೆಲಸ ವ್ಯವಸ್ಥಿತವಾಗಿ ನಡೆಯುತ್ತಿದೆಯೇ, ಕೆಲಸ ಕೊಡುವವರೂ ಮಾಡುವವರೂ ಕೂಡಿ ನಡೆಸುತ್ತಿದ್ದಾರೆಯೇ, ಜನರ ಬೇಕುಗಳನ್ನು ಪೂರೈಸುವ ಸರಕೋ ಸೇವೆಯೋ ಅದರಿಂದ ಹುಟ್ಟುತ್ತಿದೆಯೇ ಎಂದು ನೋಡಿ, ಲಾಭದ ಉದ್ದೇಶ ಇಲ್ಲದಿದ್ದರೂ ಅದು ಉದ್ಯಮವೇ ಎಂದರು. ಚಿನ್ನಸ್ವಾಮಿ ಮೈದಾನದ ಒಂದು ಐಪಿಎಲ್ ಸಂಜೆಯನ್ನು ಈ ಮೂರು ಪ್ರಶ್ನೆಗಳ ಮುಂದೆ ಇಟ್ಟು ನೋಡಿ. ಮೂರಕ್ಕೂ ಹೌದೆಂಬ ಉತ್ತರವೇ ಸಿಗುತ್ತದೆ.

ಈಗ ಸ್ವಲ್ಪ ದೂರ ಹೋಗಬೇಕು. ಅಮೆರಿಕದ ಬೇಸ್‌ಬಾಲ್ ನಮ್ಮ ಆಟವಲ್ಲ. ಆದರೂ ಒಡೆಯ ಮತ್ತು ಆಟಗಾರ ಎದುರುಬದುರು ನಿಂತ ಕಥೆ ಅಲ್ಲಿ ನೂರೈವತ್ತು ವರ್ಷದಷ್ಟು ಉದ್ದಕ್ಕೆ ದಾಖಲಾಗಿದೆ, ನಮ್ಮ ಕ್ರಿಕೆಟ್ಟಿನ ಮುಂದಿನ ದಾರಿಯೂ ಅದರಲ್ಲಿ ಕಾಣುತ್ತದೆ.

1879ರಲ್ಲಿ ನ್ಯಾಷನಲ್ ಲೀಗಿನ ತಂಡಗಳ ಒಡೆಯರು ಗುಟ್ಟಾಗಿ ಒಂದು ಒಪ್ಪಂದ ಮಾಡಿಕೊಂಡರು. ಪ್ರತಿ ತಂಡವೂ ಐದು ಮಂದಿಯನ್ನು ಕಾಯ್ದಿರಿಸಿಕೊಳ್ಳಬಹುದು, ಬೇರೆ ತಂಡದವರು ಅವರನ್ನು ಮುಟ್ಟುವಂತಿಲ್ಲ. ವರ್ಷ ಕಳೆದಂತೆ ಐದು ಹನ್ನೊಂದಾಯಿತು, ಕೊನೆಗೆ ಇಡೀ ತಂಡವಾಯಿತು. ಕರಾರಿನ ಅವಧಿ ಮುಗಿದರೂ ಆಟಗಾರನ ಮೇಲಿನ ಹಕ್ಕು ಮುಗಿಯದು. ಒಡೆಯ ಇಟ್ಟುಕೊಳ್ಳಬಹುದು, ಮಾರಬಹುದು, ಬಿಡಬಹುದು. ಆಟಗಾರನಿಗೆ ಇದ್ದ ಸ್ವಾತಂತ್ರ್ಯ ಒಂದೇ, ಆಟ ಬಿಟ್ಟು ಮನೆಗೆ ಹೋಗುವುದು. ಜಾನ್ ಮಾಂಟ್ಗೊಮರಿ ವಾರ್ಡ್ ಎಂಬ ಆಟಗಾರ ಕಾನೂನನ್ನೂ ಓದಿಕೊಂಡಿದ್ದ. ಅವನ ಮುಂದಾಳತ್ವದಲ್ಲಿ 1885ರಲ್ಲಿ ಆಟಗಾರರ ಮೊದಲ ಸಂಘ ಹುಟ್ಟಿತು, 1890ರಲ್ಲಿ ಆಟಗಾರರದೇ ಒಂದು ಲೀಗ್ ನಡೆಯಿತು. ಒಂದೇ ವರ್ಷಕ್ಕೆ ಅದು ಮುಗಿಯಿತು. ಅದನ್ನು ಮುಗಿಸುವುದರಲ್ಲಿ ಮುಂದಾಳಾಗಿದ್ದವನು ಆಲ್ಬರ್ಟ್ ಸ್ಪಾಲ್ಡಿಂಗ್, ತಾನೇ ಹೆಸರಾಂತ ಪಿಚರ್ ಆಗಿದ್ದು ನಂತರ ಶಿಕಾಗೊ ತಂಡದ ಒಡೆಯನಾದವನು. ಆಡಿ ಬಂದವರ ಕೈಗೆ ಆಡಳಿತ ಬಂದರೆ ಆಟಗಾರರ ಕಷ್ಟ ತಾನಾಗಿಯೇ ನೀಗುತ್ತದೆ ಎಂದು ನಂಬುವವರಿಗೆ ಈ ಒಂದು ಹೆಸರು ಸಾಕು.

1922ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಬೇಸ್‌ಬಾಲ್ ಪಂದ್ಯಗಳು ರಾಜ್ಯ ರಾಜ್ಯಗಳ ನಡುವಿನ ವಾಣಿಜ್ಯವಲ್ಲ, ಏಕಸ್ವಾಮ್ಯ ವಿರೋಧಿ ಕಾನೂನು ಅದಕ್ಕೆ ತಾಗದು ಎಂದಿತು. ಈ ರಕ್ಷಾಕವಚದೊಳಗೆ ಒಡೆಯರು ಅರ್ಧ ಶತಮಾನ ನೆಮ್ಮದಿಯಾಗಿದ್ದರು. 1966ರಲ್ಲಿ ಆಟಗಾರರ ಸಂಘಕ್ಕೆ ಮಾರ್ವಿನ್ ಮಿಲ್ಲರ್ ಬಂದರು. ಅವರು ಆಟಗಾರರಲ್ಲ, ಉಕ್ಕು ಕಾರ್ಮಿಕರ ಯೂನಿಯನ್ನಿನ ಅರ್ಥಶಾಸ್ತ್ರಜ್ಞ. ಆಗ ಕನಿಷ್ಠ ಸಂಬಳ ವರ್ಷಕ್ಕೆ 6,000 ಡಾಲರ್. ಮಿಲ್ಲರ್ 1968ರಲ್ಲಿ ಒಡೆಯರೊಡನೆ ಮೊದಲ ಸಾಮೂಹಿಕ ಒಪ್ಪಂದ ಮಾಡಿಸಿ ಅದನ್ನು 10,000ಕ್ಕೆ ಏರಿಸಿದರು. 1972ರ ಏಪ್ರಿಲ್‌ನ ಮೊದಲ ಮುಷ್ಕರ ಪಿಂಚಣಿಗಾಗಿ ನಡೆಯಿತು, ತಾರೆಯರ ಸಂಬಳಕ್ಕಾಗಿ ಅಲ್ಲ. 86 ಪಂದ್ಯಗಳು ನಿಂತವು.

ಈ ಕಥೆಯಲ್ಲಿ ನನ್ನ ಮನಸ್ಸನ್ನು ಹೆಚ್ಚು ಹಿಡಿದು ನಿಲ್ಲಿಸುವವರು ಕರ್ಟ್ ಫ್ಲಡ್. ಸೇಂಟ್ ಲೂಯಿಸ್ ತಂಡದಲ್ಲಿ ಹನ್ನೆರಡು ವರ್ಷ ಆಡಿದ ಕಪ್ಪು ಆಟಗಾರ, ಅಂದಿನ ಶ್ರೇಷ್ಠ ಕ್ಷೇತ್ರರಕ್ಷಕರಲ್ಲಿ ಒಬ್ಬರು. 1969ರ ಅಕ್ಟೋಬರಿನಲ್ಲಿ ಅವರನ್ನು ಕೇಳದೆಯೇ ಫಿಲಡೆಲ್ಫಿಯಾ ತಂಡಕ್ಕೆ ವರ್ಗಾಯಿಸಿದರು. ಸಂಬಳ ಕಡಿಮೆಯೇನಿರಲಿಲ್ಲ, ಆ ವರ್ಷ ಅವರು 90,000 ಡಾಲರ್ ಪಡೆಯುತ್ತಿದ್ದರು. ಅವರು ಹೋಗಲಿಲ್ಲ. ತಾನು ಕೊಂಡು ಮಾರುವ ವಸ್ತುವಲ್ಲ ಎಂಬರ್ಥದ ಕಾಗದವೊಂದನ್ನು ಡಿಸೆಂಬರ್ 24ರಂದು ಕಮಿಷನರ್ ಬೋವಿ ಕೂನ್ ಅವರಿಗೆ ಬರೆದು ಕೋರ್ಟಿಗೆ ಹೋದರು. ಗೆಲ್ಲುವುದು ಕಷ್ಟ, ಗೆದ್ದರೂ ನಿಮ್ಮ ಆಟದ ಬದುಕು ಮುಗಿದಂತೆ ಎಂದು ಮಿಲ್ಲರ್ ಮೊದಲೇ ಎಚ್ಚರಿಸಿದ್ದರು. ಉಳಿದವರಿಗೆ ಉಪಯೋಗವಾಗುತ್ತದೆಯೇ ಎಂದು ಫ್ಲಡ್ ಕೇಳಿದರು. ಆಗುತ್ತದೆ ಎಂದ ಮೇಲೆ ಮುಂದುವರಿದರು. ಸಂಘ ಖರ್ಚು ಭರಿಸಿತು. ವಿಚಾರಣೆಯಲ್ಲಿ ಅವರ ಪರ ಸಾಕ್ಷಿ ನುಡಿಯಲು ಜಾಕಿ ರಾಬಿನ್ಸನ್, ಹ್ಯಾಂಕ್ ಗ್ರೀನ್‌ಬರ್ಗ್ ಬಂದರು. ಇಬ್ಬರೂ ನಿವೃತ್ತರು. ಆಗ ಆಡುತ್ತಿದ್ದವರಲ್ಲಿ ಒಬ್ಬರೂ ಬರಲಿಲ್ಲ. 1972ರಲ್ಲಿ ಸುಪ್ರೀಂ ಕೋರ್ಟು 5–3ರಿಂದ ಅವರ ವಿರುದ್ಧ ತೀರ್ಪು ಕೊಟ್ಟಿತು. ಅಷ್ಟರಲ್ಲಾಗಲೇ ಮತ್ತೊಂದು ತಂಡದಲ್ಲಿ 13 ಪಂದ್ಯ ಆಡಿ ಫ್ಲಡ್ ಆಟ ಬಿಟ್ಟಿದ್ದರು.

ಮೂರೇ ವರ್ಷಕ್ಕೆ ಆ ಸೋಲು ಫಲ ಕೊಟ್ಟಿತು. ಸಾಮೂಹಿಕ ಒಪ್ಪಂದದೊಳಗೆ ಮಿಲ್ಲರ್ ಸೇರಿಸಿದ್ದ ಪಂಚಾಯ್ತಿಯ ಕಲಮಿನ ಬಲದಿಂದ, ಕರಾರಿಗೆ ಸಹಿ ಹಾಕದೆ ಒಂದು ಋತು ನಿಂತ ಆಂಡಿ ಮೆಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನ್ಯಾಲಿ ಇನ್ನು ಸ್ವತಂತ್ರರು ಎಂದು ಪಂಚರಾಗಿದ್ದ ಪೀಟರ್ ಸೈಟ್ಜ್ 1975ರ ಡಿಸೆಂಬರಿನಲ್ಲಿ ತೀರ್ಮಾನಿಸಿದರು. ಕೋರ್ಟು ಕೊಡದಿದ್ದುದನ್ನು ಸಂಘ ಬರೆಸಿಕೊಂಡಿದ್ದ ಒಂದು ಕಲಮು ಕೊಟ್ಟಿತು. ಫ್ಲಡ್ 1997ರಲ್ಲಿ ತೀರಿಕೊಂಡರು, ಅವರ ಹೆಸರಿನ ಕಾಯ್ದೆಯನ್ನು ಅಮೆರಿಕದ ಸಂಸತ್ತು 1998ರಲ್ಲಿ ಮಾಡಿತು.

ಕಾನೂನಿನ ಮಟ್ಟಿಗೆ ನಮ್ಮ ಆಟಗಾರ ಫ್ಲಡ್‌ಗಿಂತ ಅದೃಷ್ಟವಂತ. ಭಾರತೀಯ ಕರಾರು ಕಾಯ್ದೆ 1872ರದು, ಅಮೆರಿಕದ ಆ ಗುಟ್ಟಿನ ಒಪ್ಪಂದಕ್ಕಿಂತ ಏಳು ವರ್ಷ ಹಳೆಯದು. ಅದರ 27ನೇ ಕಲಮಿನ ಪ್ರಕಾರ ಒಬ್ಬನ ಕಸುಬಿಗೆ ತಡೆಯೊಡ್ಡುವ ಕರಾರು ಆ ಮಟ್ಟಿಗೆ ಅನೂರ್ಜಿತ. ಆಟಗಾರನ ವಿಷಯದಲ್ಲೇ ಇದು ಪರೀಕ್ಷೆಗೆ ಬಂದಿದೆ. ಮುಂದೆ ನಮ್ಮ ಬೆಂಗಳೂರು ತಂಡಕ್ಕೂ ಆಡಿದ ಜಹೀರ್ ಖಾನ್ ಅವರ ಮೇಲೆ ಪರ್ಸೆಪ್ಟ್ ಡಿ'ಮಾರ್ಕ್ ಕಂಪನಿ ದಾವೆ ಹೂಡಿತ್ತು. ಕರಾರು ಮುಗಿದ ಮೇಲೂ ಬೇರೆಯವರೊಡನೆ ಒಪ್ಪಂದ ಮಾಡಿಕೊಳ್ಳುವ ಮುನ್ನ ತನಗೇ ಮೊದಲ ಅವಕಾಶ ಕೊಡಬೇಕೆಂಬುದು ಕಂಪನಿಯ ವಾದ. ಅದು ನಿಲ್ಲದು ಎಂದು ಸುಪ್ರೀಂ ಕೋರ್ಟು 2006ರಲ್ಲಿ ಹೇಳಿತು. ಆದರೆ ಕರಾರೇ ಇಲ್ಲದ ಕಡೆ ಕಾನೂನು ಎಷ್ಟು ಬಂದೀತು? 2007ರಲ್ಲಿ ಜೀ ಸಂಸ್ಥೆ ಇಂಡಿಯನ್ ಕ್ರಿಕೆಟ್ ಲೀಗ್ ಆರಂಭಿಸಿದಾಗ, ಅಲ್ಲಿ ಆಡಿದವರಿಗೆ ದೇಶದ ಬೇರೆ ಯಾವ ಮೈದಾನವೂ ಇಲ್ಲದಂತೆ ಭಾರತದ ಕ್ರಿಕೆಟ್ ಮಂಡಳಿಯಾದ ಬಿಸಿಸಿಐ ಮಾಡಿತು. ಕಪಿಲ್ ದೇವ್ ಅವರನ್ನು ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಅಧ್ಯಕ್ಷ ಸ್ಥಾನದಿಂದ ತೆಗೆಯಿತು. ಲೀಗು ಮುಳುಗಿತು, ಆಟಗಾರರು 2009ರಲ್ಲಿ ಕ್ಷಮಾದಾನ ಪಡೆದು ಮರಳಿದರು. ಕ್ಷಮಿಸಬೇಕಾದ ಯಾವ ತಪ್ಪನ್ನು ಅವರು ಮಾಡಿದ್ದರು? ಹೆಚ್ಚು ಕೂಲಿ ಕೊಡುವ ಕಡೆ ಕೆಲಸಕ್ಕೆ ಹೋಗಿದ್ದರು.

ನಮ್ಮಲ್ಲಿ ಈ ಜಗಳ ಬಹುಕಾಲ ಹುಟ್ಟಲೇ ಇಲ್ಲ. ಅದಕ್ಕೆ ಒಂದು ಕಾರಣ ಬ್ಯಾಂಕುಗಳು ಎಂದು ನನ್ನ ಊಹೆ. ಕರ್ನಾಟಕದ ಎರಡು ಮೂರು ತಲೆಮಾರಿನ ಆಟಗಾರರು ಕೆನರಾ ಬ್ಯಾಂಕು, ಸಿಂಡಿಕೇಟ್ ಬ್ಯಾಂಕು, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ಐಟಿಐಗಳಲ್ಲಿ ಕ್ರೀಡಾ ಕೋಟಾದ ನೌಕರರಾಗಿದ್ದರು. 1973–74ರಲ್ಲಿ ಪ್ರಸನ್ನ ನಾಯಕತ್ವದಲ್ಲಿ ಮುಂಬಯಿಯನ್ನು ಸೆಮಿಫೈನಲಿನಲ್ಲಿ ಕೆಡವಿ ಮೊದಲ ರಣಜಿ ಗೆದ್ದ ಕಾಲದ ಆಟಗಾರ ಮೈದಾನದಿಂದ ಸಂಸಾರ ನಡೆಸುತ್ತಿರಲಿಲ್ಲ. ಅವನ ಮನೆಯ ದೀಪ ಉರಿದದ್ದು ಬ್ಯಾಂಕಿನ ಸಂಬಳದಿಂದ. ತುಟ್ಟಿಭತ್ಯೆ, ಭವಿಷ್ಯನಿಧಿ ಎಲ್ಲವೂ ಅಲ್ಲಿದ್ದವು, ಬ್ಯಾಂಕ್ ನೌಕರರ ಸಂಘಗಳು ಹೋರಾಡಿ ಗಳಿಸಿದ್ದರಿಂದ ಇದ್ದವು. ಕೌಂಟರಿನ ಹಿಂದೆ ಕುಳಿತಾಗ ಅವನಿಗೊಂದು ಯೂನಿಯನ್ ಇತ್ತು, ಪ್ಯಾಡು ಕಟ್ಟಿದಾಗ ಇರಲಿಲ್ಲ, ಬೇಕೆಂದೂ ಅನ್ನಿಸಲಿಲ್ಲ. ಈಗ ಆ ನೇಮಕಗಳು ಬಹುಮಟ್ಟಿಗೆ ನಿಂತಿವೆ. ಹುಡುಗ ಹದಿನಾಲ್ಕಕ್ಕೆ ಕ್ರಿಕೆಟ್ಟನ್ನೇ ನೆಚ್ಚುತ್ತಾನೆ. ಹಳೆಯ ಭದ್ರತೆ ಹೋಯಿತು, ಅದರ ಜಾಗಕ್ಕೆ ಹೊಸ ಭದ್ರತೆ ಬರಲಿಲ್ಲ.

ಮಂಡಳಿಗೂ ಒಂದು ಕಾಲದಲ್ಲಿ ಹಣವಿರಲಿಲ್ಲ ಎಂಬುದು ನಿಜ. 1983ರ ವಿಶ್ವಕಪ್ ಗೆದ್ದು ಬಂದ ತಂಡಕ್ಕೆ ಬಹುಮಾನ ಕೊಡಲು ಲತಾ ಮಂಗೇಶ್ಕರ್ ದಿಲ್ಲಿಯಲ್ಲಿ ಹಾಡಬೇಕಾಯಿತು, ಒಬ್ಬೊಬ್ಬರಿಗೂ ಒಂದು ಲಕ್ಷ ಸಂದಿತು. ಆ ಕೂಟದಲ್ಲಿ 18 ವಿಕೆಟ್ ಪಡೆದು ಎಲ್ಲರಿಗಿಂತ ಮುಂದಿದ್ದ ನಮ್ಮ ರೋಜರ್ ಬಿನ್ನಿಗೂ ಅಷ್ಟೇ, ಸೈಯದ್ ಕಿರ್ಮಾನಿಗೂ ಅಷ್ಟೇ. 1989ರಲ್ಲಿ ವೆಸ್ಟ್ ಇಂಡೀಸ್ ಪ್ರವಾಸದಿಂದ ಬರುವಾಗ ಅಮೆರಿಕದಲ್ಲಿ ಪ್ರದರ್ಶನ ಪಂದ್ಯ ಆಡಿದರೆಂದು ಕಪಿಲ್, ವೆಂಗ್‌ಸರ್ಕಾರ್, ಅಜರುದ್ದೀನ್, ಶಾಸ್ತ್ರಿ, ಕಿರಣ್ ಮೋರೆ, ಅರುಣ್ ಲಾಲ್ ಈ ಆರು ಮಂದಿಗೆ ಮಂಡಳಿ ಒಂದು ವರ್ಷ ನಿಷೇಧ ಹೇರಿತು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋದ ಮೇಲೆ ನಿಷೇಧ ತೆರವಾಯಿತು. ಆ ಬಿಸಿಯಲ್ಲಿ ಸಂಘದ ಮಾತು ಎದ್ದಿತು, ಆರಿತು. 2002ರಲ್ಲಿ ಐಸಿಸಿಯ ಪ್ರಾಯೋಜಕರ ಷರತ್ತುಗಳ ಬಗ್ಗೆ ಚಾಂಪಿಯನ್ಸ್ ಟ್ರೋಫಿಗೆ ಮುನ್ನ ತಕರಾರು ಬಂದಾಗ ಮತ್ತೆ ಎದ್ದಿತು. ಆಗಲೂ ನಿಲ್ಲಲಿಲ್ಲ.

ಆದರೆ ಆ ವರ್ಷಗಳಲ್ಲಿ ಒಂದು ದೊಡ್ಡ ಕೆಲಸವಾಯಿತು, ಅದಕ್ಕೆ ಬೆಂಗಳೂರಿನವರೇ ಹೆಗಲು ಕೊಟ್ಟರು. ಆಟಗಾರರ ಪರವಾಗಿ ಮಂಡಳಿಯ ಎದುರು ಕುಳಿತು ಲೆಕ್ಕ ಕೇಳಿದವರಲ್ಲಿ ಅನಿಲ್ ಕುಂಬ್ಳೆ ಮತ್ತು ರಾಹುಲ್ ದ್ರಾವಿಡ್ ಮುಂದಿದ್ದರು. 2004ರ ಹೊತ್ತಿಗೆ ಶ್ರೇಣಿವಾರು ಕರಾರು ಬಂತು. ಅದಕ್ಕಿಂತ ಮುಖ್ಯವಾಗಿ, ಮಂಡಳಿಯ ಒಟ್ಟು ವರಮಾನದ ನೂರಕ್ಕೆ 26 ಪಾಲು ಆಟಗಾರರದು ಎಂಬ ಸೂತ್ರ ನೆಲೆಗೊಂಡಿತು. ಅದರಲ್ಲಿ ಅರ್ಧ, ಅಂದರೆ 13, ಭಾರತಕ್ಕೆ ಆಡುವವರಿಗೆ. ಅದಕ್ಕಿಂತ ಸ್ವಲ್ಪ ಕಡಿಮೆ ದೇಶೀ ಆಟಗಾರರಿಗೆ. ಉಳಿದ ಚೂರು ಮಹಿಳೆಯರಿಗೂ ಕಿರಿಯರಿಗೂ. ಈ ಹಂಚಿಕೆಯಲ್ಲಿ ದೋಷಗಳಿವೆ, ಮಹಿಳೆಯರ ಪಾಲಂತೂ ತೀರ ಸಣ್ಣದು. ಆದರೂ ಆಟಗಾರನ ಆದಾಯ ಯಾರದೋ ಕೃಪೆಯಲ್ಲ, ತಾನು ಹುಟ್ಟಿಸಿದ ಹಣದಲ್ಲಿ ತನ್ನ ಭಾಗ ಎಂಬ ತತ್ತ್ವ ಭಾರತದ ಕ್ರೀಡೆಯಲ್ಲಿ ಇಷ್ಟು ಸ್ಪಷ್ಟವಾಗಿ ಹಿಂದೆ ಬಂದಿರಲಿಲ್ಲ. ಕುಂಬ್ಳೆಯವರ 619 ಟೆಸ್ಟ್ ವಿಕೆಟ್ಟುಗಳನ್ನು ನಾವು ಬಾಯಿಪಾಠ ಹೇಳುತ್ತೇವೆ. ಈ 26ನ್ನೂ ಅವುಗಳ ಪಕ್ಕದಲ್ಲಿ ಹೇಳಬೇಕು. ತಮ್ಮ ಸಂಬಳವೊಂದನ್ನೇ ಹೆಚ್ಚಿಸಿಕೊಂಡು ಎದ್ದು ಬರಬಹುದಾಗಿದ್ದ ಜಾಗದಲ್ಲಿ ಕುಳಿತು, ತಮ್ಮ ಹೆಸರೂ ಗೊತ್ತಿಲ್ಲದ ರಣಜಿ ಆಟಗಾರನ ಪಾಲನ್ನೂ ಸೂತ್ರದೊಳಗೆ ಬರೆಸಿದರು.

ಕೊರತೆ ಎಲ್ಲಿ ಉಳಿಯಿತೆಂದರೆ, ಆ ಸೂತ್ರವನ್ನು ಕಾಯಲು ಒಂದು ಸಂಸ್ಥೆ ಕಟ್ಟಲಿಲ್ಲ. ಒಳ್ಳೆಯ ಮನಸ್ಸಿನ ಇಬ್ಬರು ಹಿರಿಯರು ಮಾತಾಡಿ ತಂದದ್ದು, ಅವರು ಮೈದಾನ ಬಿಟ್ಟ ಮೇಲೆ ವಾರಸುದಾರರಿಲ್ಲದೆ ನಿಂತಿತು. ಮೇಜಿನ ಈಚೆ ಬದಿಯ ಕುರ್ಚಿ ಖಾಲಿ.

ಆ ಖಾಲಿ ಕುರ್ಚಿಯ ಎದುರೇ ಐಪಿಎಲ್ ಬಂತು. ಅದರಿಂದ ಏನಾಯಿತೆಂದು ತಿಳಿಯಲು ಮತ್ತೆ ಬೇಸ್‌ಬಾಲಿನ ಕಡೆ ನೋಡಬೇಕು. ಅಮೆರಿಕದಲ್ಲಿ 1994ರ ಆಗಸ್ಟ್ 12ರಂದು ಆರಂಭವಾದ ಮುಷ್ಕರ 232 ದಿನ ನಡೆಯಿತು, 1904ರ ಬಳಿಕ ಮೊದಲ ಸಲ ವರ್ಲ್ಡ್ ಸೀರೀಸ್ ರದ್ದಾಯಿತು. ತಂಡಗಳು ಸಂಬಳಕ್ಕೆ ಖರ್ಚು ಮಾಡುವ ಹಣಕ್ಕೆ ಮೇಲ್ಮಿತಿ ಬೇಕೆಂದು ಒಡೆಯರು ಹಟ ಹಿಡಿದದ್ದು ಜಗಳದ ಮೂಲ. ಬದಲಿ ಆಟಗಾರರನ್ನು ಇಳಿಸಲು ಒಡೆಯರು ಹೊರಟಾಗ, ತಾನೇ ಕಾರ್ಮಿಕರ ಪರ ವಕೀಲನಾಗಿದ್ದ ಬಾಲ್ಟಿಮೋರ್ ತಂಡದ ಒಡೆಯ ಪೀಟರ್ ಏಂಜಲೋಸ್ ಒಪ್ಪಲಿಲ್ಲ. ಕೊನೆಗೆ ನ್ಯಾಯಾಧೀಶೆ ಸೋನಿಯಾ ಸೊಟೊಮಯರ್ ಅವರ ಆದೇಶದಿಂದ ಆಟ ಶುರುವಾಯಿತು. ಮಿತಿ ಬರಲಿಲ್ಲ. 2021ರ ಡಿಸೆಂಬರಿನಿಂದ 99 ದಿನ ಒಡೆಯರೇ ಬಾಗಿಲು ಹಾಕಿದರು. ಈಗಿನ ಒಪ್ಪಂದ 2026ರ ಡಿಸೆಂಬರ್ 1ರವರೆಗಿನದು. ಅಲ್ಲಿ ಮೂವತ್ತು ವರ್ಷ ಕಾದಾಡಿದರೂ ಒಡೆಯರಿಗೆ ದಕ್ಕದ ಆ ಮಿತಿ ನಮ್ಮಲ್ಲಿ 2008ರ ಮೊದಲ ಹರಾಜಿನ ದಿನವೇ ಇತ್ತು, ತಂಡಕ್ಕೆ 50 ಲಕ್ಷ ಡಾಲರ್. ಬೆಂಗಳೂರು ತಂಡದ ಐಕಾನ್ ಆಟಗಾರ ದ್ರಾವಿಡ್. ಅವರನ್ನಾಗಲಿ ಬೇರೆ ಯಾರನ್ನಾಗಲಿ ಈ ಮಿತಿಯ ಬಗ್ಗೆ ಕೇಳಲು ಒಂದು ಸಂಘವೇ ಇರಲಿಲ್ಲ.

ಲೆಕ್ಕ ನೋಡಿ. 2023ರಿಂದ 2027ರವರೆಗಿನ ಐದು ವರ್ಷದ ಪ್ರಸಾರ ಹಕ್ಕು 48,390 ಕೋಟಿಗೆ ಹೋಗಿದೆ. ವರ್ಷಕ್ಕೆ ಸರಾಸರಿ 9,678 ಕೋಟಿ. 2025ರಲ್ಲಿ ಹರಾಜಿನ ಹಣ 120 ಕೋಟಿ, ಪಂದ್ಯ ಶುಲ್ಕ ಮತ್ತು ಸಾಧನೆಯ ಹಣ ಸೇರಿ ತಂಡವೊಂದಕ್ಕೆ ಒಟ್ಟು ಮಿತಿ 146 ಕೋಟಿ. ಹತ್ತು ತಂಡಕ್ಕೆ 1,460 ಕೋಟಿ. ಪ್ರಸಾರದ ಹಣವೊಂದರಲ್ಲೇ ನೂರಕ್ಕೆ ಹದಿನೈದು. ಟಿಕೆಟ್ಟು, ಪ್ರಾಯೋಜಕರು, ಅಂಗಿಯ ಮೇಲಿನ ಜಾಹೀರಾತು ಸೇರಿಸಿದರೆ ಪಾಲು ಇನ್ನೂ ಇಳಿಯುತ್ತದೆ. ಬೇಸ್‌ಬಾಲ್ ಆಟಗಾರರು ತಮ್ಮ ಲೀಗಿನ ವರಮಾನದಲ್ಲಿ ಹೆಚ್ಚುಕಡಿಮೆ ಅರ್ಧ ಪಡೆಯುತ್ತಾರೆ. 27 ಕೋಟಿ ಎಂಬ ಅಂಕಿ ನಮ್ಮ ಕಣ್ಣು ಕೋರೈಸುವುದರಿಂದ ಈ ಹದಿನೈದು ಕಾಣುವುದಿಲ್ಲ. 2024ರ ಸೆಪ್ಟೆಂಬರಿನಲ್ಲಿ ಇನ್ನೊಂದು ನಿಯಮ ಬಂತು. ಕಿರು ಹರಾಜಿನಲ್ಲಿ ವಿದೇಶಿ ಆಟಗಾರನ ಬೆಲೆ ಎಷ್ಟೇ ಏರಲಿ, ಗೊತ್ತುಪಡಿಸಿದ ಮಿತಿಗಿಂತ ಹೆಚ್ಚಿನದು ಮಂಡಳಿಗೆ. 2025ರ ಡಿಸೆಂಬರಿನಲ್ಲಿ ಕೋಲ್ಕತ್ತ ತಂಡ ಕ್ಯಾಮರೂನ್ ಗ್ರೀನ್ ಅವರನ್ನು 25.20 ಕೋಟಿಗೆ ಕೊಂಡಿತು, ಅವರಿಗೆ ಸಲ್ಲುವುದು 18 ಕೋಟಿ. ಮಿಕ್ಕದ್ದು ಆಟಗಾರರ ಕ್ಷೇಮಕ್ಕೆ ಎನ್ನುತ್ತಾರೆ. ಒಳ್ಳೆಯದೇ. ಆದರೆ ಆ ನಿಧಿಯನ್ನು ಹೇಗೆ ಖರ್ಚು ಮಾಡಬೇಕೆಂದು ಹೇಳಲು ಆಟಗಾರರ ಕಡೆಯಿಂದ ಯಾರು ಹೋಗಿ ಕುಳಿತುಕೊಳ್ಳುತ್ತಾರೆ?

ಕುರ್ಚಿ ಖಾಲಿಯಿದ್ದರೆ ಏನಾಗುತ್ತದೆ ಎಂಬುದನ್ನು ಕೋವಿಡ್ ತೋರಿಸಿತು. 2020ರಲ್ಲಿ ಐಪಿಎಲ್ ಅರಬ್ ಎಮಿರೇಟ್ಸಿಗೆ ಹೋಗಿ ನಡೆಯಿತು. 1934–35ರಲ್ಲಿ ಆರಂಭವಾದ ರಣಜಿ, ಯುದ್ಧಕಾಲದಲ್ಲೂ ನಿಲ್ಲದ ರಣಜಿ, 2020–21ರಲ್ಲಿ ಮೊದಲ ಬಾರಿ ನಿಂತಿತು. ಆಗ ರಣಜಿ ಆಟಗಾರನ ದಿನದ ಶುಲ್ಕ 35,000 ರೂಪಾಯಿ, ಮಹಿಳೆಯರದು 12,500. ಆಟವಿಲ್ಲ, ಹಣವಿಲ್ಲ. ಪರಿಹಾರ ಪ್ರಕಟವಾದದ್ದು 2021ರ ಸೆಪ್ಟೆಂಬರಿನಲ್ಲಿ, ಹಿಂದಿನ ಋತುವಿನಲ್ಲಿ ಆಡಿದವರಿಗೆ ಅರ್ಧದಷ್ಟು. ಅಂದೇ ದಿನದ ಶುಲ್ಕವನ್ನು ಅನುಭವಕ್ಕೆ ತಕ್ಕಂತೆ 40,000ದಿಂದ 60,000ದವರೆಗೆ ಏರಿಸಿದರು. ಏರಿಕೆಯನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ನಡುವಿನ ಅಷ್ಟೂ ತಿಂಗಳು ಬಾಡಿಗೆ, ಕಂತು, ತಂದೆತಾಯಿಯ ಆಸ್ಪತ್ರೆಯ ಖರ್ಚು ಇದ್ದವರ ಪರವಾಗಿ ಮಂಡಳಿಗೆ ಒಂದು ಪತ್ರ ಬರೆಯುವ ಅಧಿಕಾರ ಯಾರಿಗೂ ಇರಲಿಲ್ಲ.

2020ರ ಮಾರ್ಚ್ 8ರಂದು ಮೆಲ್ಬರ್ನಿನಲ್ಲಿ ಮಹಿಳಾ ಟಿ20 ವಿಶ್ವಕಪ್ಪಿನ ಫೈನಲ್ ಆಡಿದ ಭಾರತ ತಂಡದಲ್ಲಿ ಕಡೂರಿನ ವೇದಾ ಕೃಷ್ಣಮೂರ್ತಿ, ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ ಇದ್ದರು. ಎರಡನೇ ಸ್ಥಾನಕ್ಕೆ ಐಸಿಸಿ ಕೊಟ್ಟದ್ದು ಐದು ಲಕ್ಷ ಡಾಲರ್. ವರ್ಷ ಕಳೆದು 2021ರ ಮೇ ಬಂದರೂ ಆ ಹಣ ಆಟಗಾರ್ತಿಯರ ಕೈಸೇರಿಲ್ಲವೆಂದು ಪತ್ರಿಕೆಗಳಲ್ಲಿ ಬಂತು, ಬಂದ ಮೇಲೆ ಮಂಡಳಿ ಚುರುಕಾಯಿತು. ಅದೇ ದಿನಗಳಲ್ಲಿ ವೇದಾ ಕೋವಿಡ್ಡಿಗೆ ತಾಯಿಯನ್ನೂ ಅಕ್ಕನನ್ನೂ ಕಳೆದುಕೊಂಡಿದ್ದರು. ಕರಾರಿನಲ್ಲಿರುವ ಆಟಗಾರ್ತಿಯನ್ನು ಹೇಗಿದ್ದೀಯೆಂದು ಮಂಡಳಿ ವಿಚಾರಿಸಿಲ್ಲವೆಂದು ಆಸ್ಟ್ರೇಲಿಯಾದ ಮಾಜಿ ನಾಯಕಿ ಲೀಸಾ ಸ್ಥಳೇಕರ್ ಬಹಿರಂಗವಾಗಿ ನೋವು ತೋಡಿಕೊಂಡರು. ಮಂಡಳಿಯ ಕಾರ್ಯದರ್ಶಿ ಬಳಿಕ ಕರೆ ಮಾಡಿದರು, ವೇದಾ ಅದಕ್ಕೆ ಕೃತಜ್ಞತೆ ಹೇಳಿದರು. ಸಂಘವೆಂದರೆ ಸಂಬಳದ ಚೌಕಾಸಿ ಮಾತ್ರ ಅಂದುಕೊಂಡವರಿಗೆ ಈ ಪ್ರಸಂಗ ಹೇಳಬೇಕು. ದುಃಖದ ಮನೆಗೆ ಮೊದಲ ಫೋನು ಸಂಘದಿಂದ ಹೋಗಬೇಕಿತ್ತು. 2022ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ಪಂದ್ಯಗಳ ಶುಲ್ಕ ಪುರುಷರಿಗೂ ಮಹಿಳೆಯರಿಗೂ ಸಮನಾಯಿತು, ಟೆಸ್ಟಿಗೆ 15 ಲಕ್ಷ, ಏಕದಿನಕ್ಕೆ 6, ಟಿ20ಗೆ 3. ದೊಡ್ಡ ಹೆಜ್ಜೆ. ಅದೂ ಮೇಲಿನಿಂದ ಪ್ರಕಟಣೆಯಾಗಿ ಬಂತು. ಕೊಟ್ಟವರೇ ನಾಳೆ ಬದಲಿಸಿದರೆ ತಡೆಯುವ ಲಿಖಿತ ಒಪ್ಪಂದ ಇಲ್ಲ.

ಈಗ ಸಂಘ ಇದೆಯಲ್ಲ ಎಂದು ಕೆಲವರು ಕೇಳಬಹುದು. ನ್ಯಾಯಮೂರ್ತಿ ಲೋಧಾ ಸಮಿತಿಯ 2016ರ ಶಿಫಾರಸಿನಂತೆ 2019ರಲ್ಲಿ ಇಂಡಿಯನ್ ಕ್ರಿಕೆಟರ್ಸ್ ಅಸೋಸಿಯೇಷನ್ ಹುಟ್ಟಿತು. ಮಂಡಳಿಯ ಅಪೆಕ್ಸ್ ಕೌನ್ಸಿಲಿಗೆ ಅದರ ಮಹಿಳಾ ಪ್ರತಿನಿಧಿಯಾಗಿ ಹೋದವರು ನಮ್ಮ ಶಾಂತಾ ರಂಗಸ್ವಾಮಿ. 1976ರಲ್ಲಿ ಭಾರತ ಮಹಿಳಾ ತಂಡದ ಮೊದಲ ಟೆಸ್ಟಿಗೆ ಇದೇ ಬೆಂಗಳೂರಿನಲ್ಲಿ ನಾಯಕಿಯಾಗಿದ್ದವರು, ಕೆನರಾ ಬ್ಯಾಂಕಿನಲ್ಲಿ ದುಡಿದವರು. ಮಂಡಳಿಯ ಒಳಗೆ ಕುಳಿತು ಮಾತಾಡುವ ಹಕ್ಕು ಆಡಿದವರಿಗೆ ಮೊದಲ ಸಲ ಸಿಕ್ಕಿತು. ಮಾಜಿ ಆಟಗಾರರ ಪಿಂಚಣಿ 2022ರಲ್ಲಿ ಏರಿತು, ತಿಂಗಳಿಗೆ 15,000 ಪಡೆಯುತ್ತಿದ್ದ ಪ್ರಥಮ ದರ್ಜೆ ಆಟಗಾರರಿಗೆ 30,000 ಆಯಿತು. ಇವೆಲ್ಲ ಲಾಭಗಳೇ. ಆದರೆ ಅದು ನಿವೃತ್ತರ ಸಂಘ. ಇವತ್ತು ಆಡುತ್ತಿರುವವರಿಗೆ, ಯಾರ ಬೆವರಿನಿಂದ ಆ 48,390 ಕೋಟಿ ಹುಟ್ಟುತ್ತದೋ ಅವರಿಗೆ, ಅದರಲ್ಲಿ ಜಾಗವಿಲ್ಲ. ಮಂಡಳಿಯ ಅಧ್ಯಕ್ಷರಾಗಿ ರೋಜರ್ ಬಿನ್ನಿ ಬಂದರು, 2010ರಲ್ಲಿ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಗೆ ಕುಂಬ್ಳೆ ಅಧ್ಯಕ್ಷರಾಗಿ ಶ್ರೀನಾಥ್ ಕಾರ್ಯದರ್ಶಿಯಾಗಿ ಬಂದರು. ನನಗೆ ಇವರೆಲ್ಲರ ಮೇಲೆ ಗೌರವವಿದೆ. ಆದರೂ ಆ ಹುದ್ದೆಗಳು ಮೇಜಿನ ಆಚೆ ಬದಿಯವು.

ಸುಪ್ರೀಂ ಕೋರ್ಟು ನೇಮಿಸಿದ್ದ ಆಡಳಿತಗಾರರ ಸಮಿತಿಯಿಂದ 2017ರ ಜೂನಿನಲ್ಲಿ ಹೊರಬಂದ ಬೆಂಗಳೂರಿನ ಇತಿಹಾಸಕಾರ ರಾಮಚಂದ್ರ ಗುಹಾ ತಮ್ಮ ರಾಜೀನಾಮೆ ಪತ್ರದಲ್ಲಿ ಎರಡು ದೂರು ಒಟ್ಟಿಗೆ ಹೇಳಿದ್ದರು. ತಾರೆಗಳ ಮುಂದೆ ಮಂಡಳಿ ಬಾಗುತ್ತದೆ, ದೇಶೀ ಆಟಗಾರನನ್ನು ಮರೆಯುತ್ತದೆ. ಎರಡೂ ಒಂದೇ ನಾಣ್ಯದ ಮುಖಗಳೆಂದು ನಾನು ತಿಳಿಯುತ್ತೇನೆ. ಹತ್ತು ಮಂದಿಯನ್ನು ತೃಪ್ತಿಯಾಗಿಟ್ಟರೆ ಸಾವಿರ ಮಂದಿಯ ದನಿ ಏಳುವುದಿಲ್ಲ ಎಂಬುದು ಎಲ್ಲ ಆಡಳಿತಗಳಿಗೂ ಗೊತ್ತಿರುವ ವಿದ್ಯೆ.

ಅದನ್ನು ಮುರಿದ ಉದಾಹರಣೆ ಕ್ರಿಕೆಟ್ಟಿನಲ್ಲೇ ಇದೆ. 2017ರ ಜೂನ್ 30ಕ್ಕೆ ಆಸ್ಟ್ರೇಲಿಯಾದ ಸುಮಾರು 230 ಆಟಗಾರರ ಕರಾರು ಮುಗಿಯಿತು. ವರಮಾನದ ಪಾಲನ್ನು ರಾಷ್ಟ್ರೀಯ ಆಟಗಾರರಿಗಷ್ಟೇ ಉಳಿಸಿ ರಾಜ್ಯ ತಂಡಗಳವರನ್ನು ಹೊರಗಿಡುವುದು ಅಲ್ಲಿನ ಮಂಡಳಿಯ ಯೋಜನೆಯಾಗಿತ್ತು. ಸ್ಮಿತ್, ವಾರ್ನರ್ ಮುಂತಾದವರಿಗೆ ಇದರಿಂದ ನಷ್ಟವಿರಲಿಲ್ಲ. ಆದರೂ ಸಹಿ ಹಾಕಲಿಲ್ಲ. ‘ಎ’ ತಂಡದ ದಕ್ಷಿಣ ಆಫ್ರಿಕಾ ಪ್ರವಾಸ ನಿಂತಿತು. ಆಗಸ್ಟಿನ ಮೊದಲ ವಾರದಲ್ಲಿ ಮಂಡಳಿ ಬಗ್ಗಿತು, ರಾಜ್ಯದವರಿಗೂ ಮಹಿಳೆಯರಿಗೂ ಪಾಲು ಉಳಿಯಿತು. ನಮ್ಮ ದೇಶದಲ್ಲಿ ಇಂಥದು ಆಗದು ಎನ್ನುವವರು 2010ರ ಜನವರಿಯನ್ನು ನೆನಪಿಸಿಕೊಳ್ಳಬೇಕು. ದಿಲ್ಲಿಯ ವಿಶ್ವಕಪ್ಪಿಗೆ ವಾರಗಳಷ್ಟೇ ಉಳಿದಿದ್ದಾಗ ಪುಣೆಯ ಶಿಬಿರದಲ್ಲಿದ್ದ ಹಾಕಿ ಆಟಗಾರರು, ಬಾಕಿ ಹಣ ಬರುವತನಕ ಅಭ್ಯಾಸವಿಲ್ಲ ಎಂದು ಸ್ಟಿಕ್ ಕೆಳಗಿಟ್ಟರು. ನಾಯಕ ರಾಜಪಾಲ್ ಸಿಂಗ್. ಕೊಡಗಿನ ಅರ್ಜುನ್ ಹಾಲಪ್ಪ ಆಡುತ್ತಿದ್ದ ತಂಡ ಅದು. ತಂಡದಿಂದ ತೆಗೆಯುವ ಬೆದರಿಕೆ ಬಂದರೂ ಒಬ್ಬರೂ ಒಡೆದು ಹೋಗಲಿಲ್ಲ. ಪ್ರಾಯೋಜಕರಾದ ಸಹಾರಾದವರು ಮುಂದೆ ಬಂದ ಮೇಲೆ ಕೆಲವೇ ದಿನಗಳಲ್ಲಿ ವಿಷಯ ಇತ್ಯರ್ಥವಾಯಿತು. ಅವರಿಗೆ ಸಂಘವಿರಲಿಲ್ಲ, ಒಗ್ಗಟ್ಟಿತ್ತು. ವಿಶ್ವಕಪ್ ಮುಗಿದ ಮೇಲೆ ಆ ಒಗ್ಗಟ್ಟನ್ನು ಹಿಡಿದಿಡಲು ಪಾತ್ರೆ ಇರಲಿಲ್ಲ.

ಬೇಸ್‌ಬಾಲಿನಲ್ಲೂ ಕೆಳಗಿನ ಹಂತದವರು ಬಹುಕಾಲ ಹೊರಗಿದ್ದರು. ಚಿಕ್ಕ ಊರುಗಳ ಮೈನರ್ ಲೀಗುಗಳ ಸಾವಿರಾರು ಹುಡುಗರು ಬಡತನದಲ್ಲೇ ಆಡುತ್ತಿದ್ದರು, ದೊಡ್ಡವರ ಸಂಘ ದಶಕಗಳ ಕಾಲ ಅವರನ್ನು ಸೇರಿಸಿಕೊಂಡಿರಲಿಲ್ಲ. 2022ರಲ್ಲಿ ಸೇರಿಸಿಕೊಂಡಿತು. 2023ರ ವಸಂತದಲ್ಲಿ ಅವರ ಮೊದಲ ಸಾಮೂಹಿಕ ಒಪ್ಪಂದವಾಯಿತು, ಕೂಲಿ ಎರಡರಷ್ಟಕ್ಕೂ ಹೆಚ್ಚಾಯಿತು. ನಮ್ಮ ರಣಜಿ ಆಟಗಾರನಿಗೂ ಕರ್ನಾಟಕ ಪ್ರೀಮಿಯರ್ ಲೀಗಿನ (ಕೆಪಿಎಲ್) ಬಳಿಕ ಬಂದ ಮಹಾರಾಜ ಟ್ರೋಫಿಯ ಹುಡುಗನಿಗೂ ಇದೇ ದಾರಿ ಬೇಕು. 2019ರ ಕೆಪಿಎಲ್ ಮ್ಯಾಚ್ ಫಿಕ್ಸಿಂಗ್ ಹಗರಣದಲ್ಲಿ ಬೆಂಗಳೂರು ಪೊಲೀಸರು ಆಟಗಾರರ ಜೊತೆಗೆ ತಂಡವೊಂದರ ಮಾಲೀಕರನ್ನೂ ಬಂಧಿಸಿದ್ದರು. ಇಪ್ಪತ್ತರ ಹುಡುಗ ಇಂಥ ವಾತಾವರಣದಲ್ಲಿ ಒಂಟಿಯಾಗಿ ಸಿಕ್ಕಿಕೊಂಡಾಗ, ಹೀಗೊಂದು ಮಾತು ಕೇಳಿಬರುತ್ತಿದೆ ಏನು ಮಾಡಲಿ ಎಂದು ನಂಬಿ ಹೇಳಿಕೊಳ್ಳಲು ತನ್ನವರೇ ಆದ ಒಬ್ಬ ಹಿರಿಯ ಬೇಕು.

ನಾನು ಕೇಳುತ್ತಿರುವುದು ಬಹಳವಲ್ಲ. ಪ್ರತಿ ರಾಜ್ಯ ತಂಡದ ಪುರುಷ ಮತ್ತು ಮಹಿಳಾ ಆಟಗಾರರಿಗೆ ವರ್ಷದ ಕರಾರು ಬೇಕು, ಗಾಯಗೊಂಡ ಋತುವಿನಲ್ಲೂ ಅದು ನಡೆಯಬೇಕು. 26ರ ಲೆಕ್ಕವನ್ನು ಪ್ರತಿವರ್ಷ ಆಟಗಾರರ ಮುಂದಿಟ್ಟು ಒಪ್ಪಿಸಬೇಕು. ಐಪಿಎಲ್ ನಿಯಮ ಬದಲಿಸುವ ಮುನ್ನ ಈಗ ಆಡುತ್ತಿರುವವರು ಆರಿಸಿದ ಪ್ರತಿನಿಧಿಗಳೊಡನೆ ಕುಳಿತು ಮಾತಾಡಬೇಕು. ಇದಕ್ಕಾಗಿ ಹೊಸ ಕಾನೂನಿಗೆ ಕಾಯಬೇಕಿಲ್ಲ. 1926ರ ಕಾರ್ಮಿಕ ಸಂಘ ಕಾಯ್ದೆಯ ಕಾಲದಿಂದಲೂ ಏಳು ಮಂದಿ ಸಹಿ ಹಾಕಿ ಅರ್ಜಿ ಕೊಡಬಹುದಿತ್ತು, ಹೊಸ ಕೈಗಾರಿಕಾ ಸಂಬಂಧ ಸಂಹಿತೆಯೂ ಆ ಏಳನ್ನು ಉಳಿಸಿಕೊಂಡಿದೆ, ನೂರು ಸದಸ್ಯರಿದ್ದರೆ ನೋಂದಣಿಗೆ ಸಾಕು. ಕರ್ನಾಟಕದ ಹಿರಿಯರ, ಕಿರಿಯರ, ಮಹಿಳೆಯರ ತಂಡಗಳನ್ನು ಕೂಡಿಸಿದರೆ ಆ ನೂರು ನಮ್ಮ ರಾಜ್ಯದಲ್ಲೇ ಸಿಗುತ್ತಾರೆ. ರಣಜಿ ಆಡುವ ಹುಡುಗ ಮೊದಲು ಸಹಿ ಹಾಕಿದರೆ ಮುಂದಿನ ಪಂದ್ಯದ ತಂಡದಲ್ಲಿ ಅವನ ಹೆಸರು ಇರುತ್ತದೆಂಬ ಖಾತ್ರಿಯಿಲ್ಲ, ಅವನಿಗೆ ಆ ಹೊರೆ ಹೊರಿಸುವುದು ತಪ್ಪು. ಭಾರತದ ಕ್ಯಾಪ್ ತೊಟ್ಟಿರುವ ಕರ್ನಾಟಕದ ಆಟಗಾರರು, ಗಂಡಸರೂ ಹೆಂಗಸರೂ, ಮೊದಲ ಏಳು ಸಹಿ ಹಾಕಿ ಅರ್ಜಿಯನ್ನು ಬೆಂಗಳೂರಿನ ಕಾರ್ಮಿಕ ಇಲಾಖೆಗೆ ತಾವೇ ಒಯ್ದು ಕೊಡಲಿ ಎಂದು ಈ ವೇದಿಕೆಯಿಂದ ಅವರನ್ನು ಕೇಳಿಕೊಳ್ಳುತ್ತೇನೆ.